ಕಿತ್ತಳೆಯನ್ನು ಕೆಂಪು ಅಂದದ್ದು

"ಇದು?"

"ಕೆಂಪು," ಎಂದಳು ಅವಳು, ಆಕಳಿಕೆಯ ನಡುವೆಯೇ.

ಬೆಳಗಿನಿಂದ ಬಟ್ಟೆ ಅಂಗಡಿಯ ಕೌಂಟರಿನಲ್ಲಿ ನಿಂತು ಗಿರಾಕಿಗಳಿಗೆ ಬಣ್ಣ ಹೇಳಿ ಹೇಳಿ ನಾಲಿಗೆಯ ಪಸೆ ಆರಿತ್ತು. ಸಂಜೆ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದರೆ ಇಲ್ಲೂ ಅದೇ ಕಸುಬು. ರಿಪೇರಿಯವನ ಕಣ್ಣಿಗೆ ಹುಟ್ಟಿನಿಂದಲೇ ಕೆಂಪು, ಹಸಿರು, ಕಿತ್ತಳೆ ಎಲ್ಲವೂ ಒಂದೇ ಕೆಸರು. ವರ್ಷದ ಹಿಂದೆ ವೈರೊಂದನ್ನು ಹಿಡಿದು ಅವಳ ಅಂಗಡಿಯ ಮೆಟ್ಟಿಲಲ್ಲಿ ನಿಂತು, "ಸ್ವಲ್ಪ ಇದರ ಬಣ್ಣ ಹೇಳ್ತೀರಾ?" ಎಂದಿದ್ದ. ಎಂಥೆಂಥದೋ ಕೇಳುವ ಗಂಡಸರನ್ನು ಕಂಡಿದ್ದ ಅವಳಿಗೆ ನಗು ಬಂದಿತ್ತು. ಆ ನಗುವೇ ದಿನಾ ಸಂಜೆ ಅವಳನ್ನು ಇಲ್ಲಿಗೆ ಎಳೆದು ತರುತ್ತಿತ್ತು.

ಕೆಲಸವೇನೂ ಹುಡುಗಾಟದ್ದಲ್ಲ. ಮೇಜಿನ ಮೇಲಿದ್ದದ್ದು ಓಬೀರಾಯನ ಕಾಲದ ಕಂಪ್ಯೂಟರ್ ಬೋರ್ಡು. ಅದಕ್ಕೆ ಜೀವ ಇದೆಯೋ ಇಲ್ಲವೋ ನೋಡಲು ಕರೆಂಟು ಕೊಡಬೇಕು. ಈಗಿನ ಪವರ್ ಸಪ್ಲೈಯ ಪ್ಲಗ್ ಅದಕ್ಕೆ ಕೂರುವುದಿಲ್ಲ. ಹಾಗಾಗಿ ಈಗಿನ ಕೇಬಲ್ ಕತ್ತರಿಸಿ, ವೈರುಗಳನ್ನು ಒಂದೊಂದಾಗಿ ಹಳೆಯ ಪ್ಲಗ್ಗಿಗೆ ಬೆಸೆಯುತ್ತಿದ್ದ. ಕೆಂಪು ಕೆಂಪಿನ ಜಾಗಕ್ಕೆ, ಹಳದಿ ಹಳದಿಯ ಜಾಗಕ್ಕೆ. ಕಿತ್ತಳೆ ಮಾತ್ರ ಈ ಮುದಿ ಬೋರ್ಡಿಗೆ ಬೇಡ, ಬದಿಗಿಡಬೇಕು. ಒಂದು ವೈರು ಅದಲುಬದಲಾದರೂ ಬೋರ್ಡಿನ ಕಥೆ ಮುಗಿದಂತೆ.

ಅವಳ ಫೋನು ಮತ್ತೆ ನಡುಗಿತು. ಅಣ್ಣನದು. ದೂರದ ಊರಿನ ದೊಡ್ಡ ಅಂಗಡಿಯಲ್ಲಿ ಕೆಲಸ ನೋಡಿದ್ದ. ಬರುತ್ತೀಯೋ ಇಲ್ಲವೋ, ಇವತ್ತೇ ಹೇಳು ಎಂದು ಪಟ್ಟು ಹಿಡಿದಿದ್ದ.

"ಏನಂತೆ ನಿಮ್ಮಣ್ಣಂದು?"

"ಹೊರಟು ಬಾ ಅಂತಾನೆ. ನೀವೇನಂತೀರಿ?"

ಅವನು ಕೈಯಲ್ಲಿದ್ದ ವೈರನ್ನೇ ತಿರುವುತ್ತ ಕೂತ. "ಒಳ್ಳೇ ಕೆಲಸ ಅಲ್ವಾ..."

ಇರಿ ಎನ್ನಲು ಈ ಮಹಾರಾಯನ ಬಾಯಿಗೇನು ಬೀಗ ಬಿದ್ದಿದೆಯೇ? ಅವನೊಮ್ಮೆ ಅಂದರೆ ಸಾಕು, ಇದ್ದುಬಿಡುತ್ತಿದ್ದಳು. ಆದರೆ ಅದನ್ನೂ ಬಾಯಿಬಿಟ್ಟು ಕೇಳುವಷ್ಟು ಕಸುವು ಅವಳಲ್ಲಿ ಉಳಿದಿರಲಿಲ್ಲ.

"ನಾನು ಹೋದ್ರೆ ನಿಮಗೆ ಬಣ್ಣ ಯಾರು ಹೇಳ್ತಾರೆ?"

ಅವನು ಆ ವೈರನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಂಡ.

ಅವಳು ಕಣ್ಣುಜ್ಜಿಕೊಂಡು ನೋಡಿದಳು. ಬದಿಗಿಟ್ಟದ್ದು ಕಿತ್ತಳೆ ವೈರು. ದಣಿವಿನಲ್ಲಿ ತಾನು ಅದನ್ನು ಕೆಂಪು ಅಂದುಬಿಟ್ಟಿದ್ದಳು.

"ನಾನು ಕೆಂಪು ಅಂದೆ. ನೀವ್ಯಾಕೆ ಪ್ಲಗ್ಗಿಗೆ ಹಾಕ್ಲಿಲ್ಲ?"

ಅವನ ಕೈ ಅಲ್ಲೇ ನಿಂತಿತು. ಅವಳು ಕೇಬಲನ್ನು ಎಳೆದುಕೊಂಡು ಬೆರಳಾಡಿಸಿದಳು. ಕೆಂಪು ವೈರುಗಳ ಬುಡದಲ್ಲಿ ತೆಳು ದಾರದ ಒಂದೊಂದು ಗಂಟು. ಹಳದಿಗೆ ಎರಡು. ಕಿತ್ತಳೆಗೆ ದಾರವೇ ಇಲ್ಲ.

"ಏನಿದು?"

"ಒಂದೊಂದು ಬಣ್ಣಕ್ಕೆ ಒಂದೊಂದು ವೋಲ್ಟ್. ಮೀಟರ್ ಇಟ್ರೆ ಯಾವುದು ಯಾವ ಬಣ್ಣ ಅಂತ ಗೊತ್ತಾಗುತ್ತೆ. ಮಧ್ಯಾಹ್ನವೇ ಅಳೆದು ಗಂಟು ಹಾಕಿಟ್ಟಿರ್ತೀನಿ."

"ಯಾವಾಗಿಂದ?"

"ಮೊದಲಿಂದ್ಲೂ."

"ಮತ್ತೆ ವರ್ಷಪೂರ್ತಿ ನನ್ನ ಪ್ರಾಣ ಯಾಕೆ ತಿಂದ್ರಿ?"

"ಕೇಳದೇ ಇದ್ರೆ ನೀವು ಬರೋದೇ ಬಿಡ್ತಿದ್ರಿ." ಅವನ ದನಿಯೂ ದಣಿದಿತ್ತು. "ಇರಿ ಅನ್ನೋಕೆ ನನಗೆ ಧೈರ್ಯ ಇರಲಿಲ್ಲ. ಬಣ್ಣ ಕೇಳೋದು ಸುಲಭ. ಈಗ ಅಂತೀನಿ, ಹೋಗ್ಬೇಡಿ."

ಬೈಯಬೇಕೆಂದು ಬಾಯಿ ತೆರೆದಳು. ಬಂದದ್ದು ನಗು.

"ಒಂದು ಗಂಟು ಕೆಂಪಿಗೆ, ಎರಡು ಹಳದಿಗೆ. ಮೂರು ಗಂಟು ಯಾವುದಕ್ಕೋ?"

"ಅದನ್ನ ವೈರಿಗೆ ಹಾಕಲ್ಲ," ಎಂದವನೇ ತಲೆ ತಗ್ಗಿಸಿದ.

ಫೋನು ಮತ್ತೆ ನಡುಗಿತು. "ಇಲ್ಲ ಅಣ್ಣ, ಬರಲ್ಲ. ಇಲ್ಲಿ ಕೆಲಸ ಇದೆ," ಎಂದು ಹೇಳಿ ಇಟ್ಟುಬಿಟ್ಟಳು. ಆಮೇಲೆ ಸ್ಟೂಲನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ನನ್ನ ಮುಖ ಈಗ ಯಾವ ಬಣ್ಣ, ಹೇಳಿ ನೋಡೋಣ."

"ಅದಕ್ಕೆ ಮೀಟರ್ ಇಲ್ಲ. ನೀವೇ ಹೇಳ್ಬೇಕು."

"ಕೆಂಪು," ಎಂದಳು. ಈ ಸಲ ತಪ್ಪಿರಲಿಲ್ಲ.