ನಾಲ್ಕೂ ಹತ್ತಕ್ಕೆ ಬಂಗುಡೆಯ ಕಿವಿ

“ನನ್ನ ಮನೆಯ ಚಾವಿ ವಾಪಸ್ ಕೊಡಿ” ಎಂದು ಕೈ ಚಾಚಿ ನಿಂತೆ.

ಶನಿವಾರ ಬೆಳಿಗ್ಗೆ ಏಳೂವರೆ. ಬಾಗಿಲು ತೆರೆದ ಯಜ್ಞೇಶ್ವರನ ಒಂದು ಕೆನ್ನೆಯ ತುಂಬ ಶೇವಿಂಗ್ ನೊರೆ. ಇನ್ನೊಂದು ಕೆನ್ನೆ ಚೆಂದವಿತ್ತು. ಅದನ್ನು ಗಮನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

“ಎಂತ ಆಯ್ತು ಮಾರಾಯ್ರೆ?”

“ದಿನಾ ನಾನಿಲ್ಲದಾಗ ಒಳಗೆ ಬಂದು ಬೆಕ್ಕಿನ ಕಿವಿ ಚುಚ್ಚುವುದು ನೀವೇ ಅಲ್ವಾ?”

ನೆರೂಳಿನ ನಮ್ಮ ಸೊಸೈಟಿಯಲ್ಲಿ ಎದುರು ಮನೆಯವರ ಹತ್ತಿರ ಒಂದು ಚಾವಿ ಇಡುವುದು ವಾಡಿಕೆ. ನಮ್ಮದನ್ನು ಅಮ್ಮ ಇವನ ಕೈಗೆ ಕೊಟ್ಟಿದ್ದಳು. ಅಮ್ಮ ತೀರಿಕೊಂಡು ಐದು ತಿಂಗಳು. ಮನೆಯಲ್ಲಿ ಉಳಿದದ್ದು ನಾನು, ಅಮ್ಮನ ಗ್ಲುಕೋಮೀಟರು, ಮತ್ತು ಬಂಗುಡೆ. ಮೈತುಂಬ ಪಟ್ಟೆಯಿದ್ದ ಬೆಕ್ಕಿಗೆ ಶುದ್ಧ ಸಸ್ಯಾಹಾರಿ ಅಮ್ಮ ಇಟ್ಟ ಮೀನಿನ ಹೆಸರದು. “ಬಂಗುಡೇ, ಬಾ” ಎಂದು ಕರೆದರೆ ಮೇಲಿನ ಮನೆಯ ವಸಂತಿ ಆಂಟಿ ಇವತ್ತಿಗೂ ಮೂಗು ಮುಚ್ಚಿಕೊಳ್ಳುತ್ತಾರೆ. ಅಮ್ಮನಿಗಿದ್ದ ಸಕ್ಕರೆ ಕಾಯಿಲೆಯೇ ಅದಕ್ಕೂ ಬಂದಿತ್ತು.

ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ ಕಿವಿಯ ಅಂಚಿಗೆ ಸಣ್ಣ ಸೂಜಿ, ಒಂದು ಹನಿ ರಕ್ತ, ಆಮೇಲೆ ಎರಡು ಯೂನಿಟ್ ಇನ್ಸುಲಿನ್. ಎರಡು ಹೊತ್ತೂ ಸಕ್ಕರೆ ಮುನ್ನೂರೈವತ್ತರ ಮೇಲೆಯೇ. ಸೋಮವಾರದಿಂದ ಮೂರು ಯೂನಿಟ್ ಕೊಡೋಣ, ಅದಕ್ಕೆ ಮೊದಲು ಒಂದು ಇಡೀ ದಿನ ಎರಡೆರಡು ಗಂಟೆಗೊಮ್ಮೆ ನೋಡಿ ಬರೆದು ತನ್ನಿ ಎಂದಿದ್ದರು ಡಾಕ್ಟರ್. ಅಂದು ಬೆಳಿಗ್ಗೆ ಹಳೆಯ ಅಂಕಿಗಳಿಗಾಗಿ ಮೀಟರಿನ ಮೆಮೊರಿ ತೆರೆದೆ. ದಿನಕ್ಕೆ ಎರಡಲ್ಲ, ಮೂರು ರೀಡಿಂಗ್ ಇದ್ದವು. ಮೂರನೆಯದು ಪ್ರತಿ ಸಂಜೆ ನಾಲ್ಕೂ ಹತ್ತಕ್ಕೆ. ಎಪ್ಪತ್ತೆರಡು, ಅರವತ್ತು, ಐವತ್ತೈದು.

ಆ ಹೊತ್ತಿಗೆ ನಾನು ವಾಶಿಯ ಆಫೀಸಿನಲ್ಲಿರುತ್ತೇನೆ, ಭಾನುವಾರವಾದರೆ ಮಾರ್ಕೆಟ್ಟಿನಲ್ಲಿ.

ಮೀಟರು ಕೆಟ್ಟಿದೆ ಎಂದುಕೊಳ್ಳಬಹುದಿತ್ತು. ಆದರೆ ಬಳಸಿದ ಸ್ಟ್ರಿಪ್ಪುಗಳನ್ನು ಅಮ್ಮ ಖಾಲಿ ಇಂಗಿನ ಡಬ್ಬಿಗೆ ಹಾಕುತ್ತಿದ್ದಳು. ನಾನು ನೇರ ಕಸಕ್ಕೆ ಹಾಕುತ್ತೇನೆ. ಆ ಡಬ್ಬಿ ತೆರೆದೆ. ತುಂಬ ಸ್ಟ್ರಿಪ್ಪುಗಳಿದ್ದವು, ಮೇಲಿನದರ ರಕ್ತ ಇನ್ನೂ ಒದ್ದೆಯಿತ್ತು.

ಯಜ್ಞೇಶ್ವರ ನೊರೆ ಒರೆಸಿಕೊಂಡು ಒಳಗಿನಿಂದ ಒಂದು ಲಕೋಟೆ ತಂದ. ಮೇಲೆ ಅಮ್ಮನ ಕೈಬರಹದಲ್ಲಿ ನನ್ನ ಹೆಸರು: ‘ಶ್ರೀಪ್ರಿಯಾ ಮನೆ’. ಅಮ್ಮ ಹಚ್ಚಿದ ಅಂಟು ಹಾಗೇ ಇತ್ತು.

“ಒಮ್ಮೆಯೂ ತೆಗೀಲಿಲ್ಲ. ನಾಲ್ಕು ಗಂಟೆಗೆ ನಾನು ಸಾನಪಾಡಾದಲ್ಲಿ, ನಮ್ಮ ಹೋಟೆಲಿನ ಮಹಡಿ ಮೇಲೆ ಮಲಗಿರ್ತೇನೆ. ಬೇಕಾದ್ರೆ ಅಪ್ಪನ ಹತ್ರ ಕೇಳಿ.”

“ಹಾಗಾದ್ರೆ ಯಾರು?”

ಇಬ್ಬರೂ ನನ್ನ ಮನೆಯ ಕಡೆ ನೋಡಿದೆವು. ಅರೆ ತೆರೆದ ಬಾಗಿಲಾಚೆ ಬಂಗುಡೆ ನೆಲದ ಮೇಲೆ ಕೂತು, ಅಮ್ಮನ ಖಾಲಿ ಕುರ್ಚಿಯನ್ನೇ ತಲೆಯೆತ್ತಿ ನೋಡುತ್ತಿತ್ತು.

ಡಾಕ್ಟರ್ ಹೇಳಿದ ಇಡೀ ದಿನದ ಲೆಕ್ಕಕ್ಕೆ ಜೊತೆಯಾಗಲು ಭಾನುವಾರ ಅವನು ಹೋಟೆಲಿಗೆ ಹೋಗಲಿಲ್ಲ.

“ಭಾನುವಾರದ ರಶ್ಶಿನಲ್ಲಿ ರಜೆಯಾ? ಅಪ್ಪ ಬೈಯೋದಿಲ್ವಾ?”

“ಬೈದಾಯ್ತು. ಬೆಕ್ಕಿನ ಶುಗರ್ ನೋಡ್ಲಿಕ್ಕುಂಟು ಅಂದೆ. ಇನ್ನೂ ನಗ್ತಾ ಇದ್ದಾರೆ.”

ಮೀಟರಿನ ಗಡಿಯಾರವನ್ನು ಅವನು ಫೋನಿನ ಜೊತೆ ಹಿಡಿದು ನೋಡಿದ. ಒಂದು ನಿಮಿಷದ ವ್ಯತ್ಯಾಸವೂ ಇರಲಿಲ್ಲ. ಬಂಗುಡೆಯನ್ನು ಟವೆಲಿನಲ್ಲಿ ಸುತ್ತಿ ಅವನು ಹಿಡಿದ, ನಾನು ಚುಚ್ಚಿದೆ. ಏಳಕ್ಕೆ ಮುನ್ನೂರ ಅರವತ್ತು, ಎಂದಿನಂತೆ ಎರಡು ಯೂನಿಟ್. ಒಂಬತ್ತು, ಹನ್ನೊಂದು, ಒಂದು ಗಂಟೆ. ಅಂಕಿ ಇಳಿಯುತ್ತ ಬಂತು. ಪ್ರತಿ ಸಲವೂ ನನ್ನ ಬೆರಳು ಅವನ ಕೈಗೆ ತಾಗುತ್ತಿತ್ತು. ಅವನು ಬೆಕ್ಕನ್ನು ನೋಡುವವನಂತೆ ನಟಿಸುತ್ತ ನನ್ನನ್ನು ನೋಡುತ್ತಿದ್ದ.

“ಬೆಕ್ಕು ಈ ಕಡೆ ಉಂಟು” ಎಂದೆ.

“ಗೊತ್ತುಂಟು” ಎಂದ. ಕಣ್ಣು ತೆಗೆಯಲಿಲ್ಲ.

ಮೂರು ಗಂಟೆಗೆ ನೂರ ಹದಿನೆಂಟು. ಬಂಗುಡೆ ಎಂದಿನಂತೆ ಮುನಿಸಿಕೊಂಡು ಮಂಚದಡಿ ಸೇರಿತು. ಮುಂದಿನದು ಐದಕ್ಕೆ.

ನಾಲ್ಕು ದಾಟುತ್ತಿದ್ದಂತೆ ಮನೆಯಲ್ಲಿ ಇಂಗಿನ ವಾಸನೆ ಬಂತು. ಒಲೆಯ ಮೇಲೆ ಏನೂ ಇರಲಿಲ್ಲ. ಅಮ್ಮ ಊಟ ಮುಗಿಸಿದ ಎರಡು ಗಂಟೆಗಳ ಮೇಲೆ, ಸರಿಯಾಗಿ ನಾಲ್ಕೂ ಹತ್ತಕ್ಕೆ, ಆ ಕುರ್ಚಿಯಲ್ಲಿ ಕೂತು ತನ್ನ ಸಕ್ಕರೆ ನೋಡಿಕೊಳ್ಳುತ್ತಿದ್ದಳು. ಅದು ನೆನಪಾದದ್ದೇ ನಾನು ಮೀಟರು ಕೈಗೆತ್ತಿಕೊಂಡೆ.

ಮೀಟರು ಕಂಡರೆ ಓಡುವ ಬಂಗುಡೆ ತಾನಾಗಿ ಹೊರಗೆ ಬಂತು. ಹಿಂಗಾಲು ತೊಡರುತ್ತಿತ್ತು. ಹೇಗೋ ಕುರ್ಚಿ ಹತ್ತಿ ತಲೆ ವಾಲಿಸಿತು. ಅದರ ಕಿವಿಯ ಅಂಚು, ಯಾರೋ ಎರಡು ಬೆರಳಲ್ಲಿ ಹಿಡಿದ ಹಾಗೆ, ಮೆಲ್ಲಗೆ ಮಡಚಿಕೊಂಡಿತು. ಕುರ್ಚಿ ಕಿರುಗುಟ್ಟಿತು. ನಮ್ಮಿಬ್ಬರ ಕಣ್ಣೆದುರೇ, ಯಾರೂ ಚುಚ್ಚದ ಆ ಕಿವಿಯ ಮೇಲೆ ಒಂದು ಹನಿ ರಕ್ತ ಮೂಡಿತು.

ಆ ಹನಿಗೆ ಸ್ಟ್ರಿಪ್ ಹಿಡಿದೆ. ಮೂವತ್ತೆಂಟು.

ಬಂಗುಡೆ ಕುರ್ಚಿಯಲ್ಲೇ ಕುಸಿಯಿತು.

“ಪ್ರಿಯಾ, ಜೇನು ಎಲ್ಲುಂಟು? ಬೇಗ ತಾ!”

ಅವನು ಬಾಯಿ ಬಿಡಿಸಿ ಹಿಡಿದ, ನಾನು ಒಸಡಿಗೆ ಜೇನು ತಿಕ್ಕಿದೆ. ಅಳುತ್ತಲೇ ತಿಕ್ಕಿದೆ. ಕಾಲು ಗಂಟೆಗೆ ಅರವತ್ತು, ಇನ್ನೊಂದು ಕಾಲು ಗಂಟೆಗೆ ತೊಂಬತ್ತಾರು. ಕಣ್ಣು ಬಿಟ್ಟ ಬಂಗುಡೆ ಅವನ ಬೆರಳನ್ನೇ ಕಚ್ಚಿತು. ಮಧ್ಯಾಹ್ನ ಹೀಗೆ ಕುಸಿದ ಸಕ್ಕರೆಯೇ ಆಮೇಲೆ ಎಗರಿ ಏಳು ಗಂಟೆಗೆ ಹೆಚ್ಚು ತೋರಿಸುತ್ತಿದೆ ಎಂದರು ಡಾಕ್ಟರ್ ಫೋನಿನಲ್ಲಿ. ಇನ್ನು ಒಂದೇ ಯೂನಿಟ್ ಸಾಕು, ಮೂರು ಕೊಟ್ಟಿದ್ದರೆ ಉಳಿಯುತ್ತಿರಲಿಲ್ಲ, ಸ್ವಲ್ಪ ದಿನ ಮಧ್ಯಾಹ್ನದ ಮೇಲೂ ಒಮ್ಮೆ ನೋಡಲೇಬೇಕು ಎಂದರು.

“ನೀವು ನನಗೆ ‘ತಾ’ ಅಂದ್ರಿ” ಎಂದೆ, ಮೂಗು ಒರೆಸಿಕೊಳ್ಳುತ್ತ.

“ತಪ್ಪಾಯ್ತಾ?”

“ಇಲ್ಲ. ಹಾಗೇ ಇರ್ಲಿ.”

ಅವನು ಕಚ್ಚಿಸಿಕೊಂಡ ಬೆರಳನ್ನು ನೋಡುತ್ತ ಹೇಳಿದ: “ಚಾವಿ ಕೊಡುವಾಗ ನಿನ್ನ ಅಮ್ಮ ಒಂದು ಮಾತು ಹೇಳಿದ್ರು. ‘ಅವಳು ಸತ್ರೂ ಯಾರ ಹತ್ರವೂ ಸಹಾಯ ಕೇಳುವವಳಲ್ಲ, ಬೇಕಾ ಅಂತ ನೀನೇ ಕೇಳು’ ಅಂತ. ನಂಗೆ ಧೈರ್ಯ ಬರ್ಲಿಲ್ಲ. ನಿನ್ನನ್ನು ಇಷ್ಟಪಡ್ಲಿಕ್ಕೆ ಶುರುಮಾಡಿ ಎರಡು ವರ್ಷ ಆಯ್ತು.”

ನಾನು ಲಕೋಟೆ ಹರಿದೆ. ಚಾವಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ.

ಸೋಮವಾರ ಅವನು ಹೋಟೆಲಿನ ಬಿಡುವಿನಲ್ಲಿ ಟ್ರೈನ್ ಹಿಡಿದು ಬಂದ. ನಾಲ್ಕೂ ಹತ್ತಕ್ಕೆ ಆಫೀಸಿನಲ್ಲಿ ನನ್ನ ಫೋನಿಗೆ ಫೋಟೋ ಬಂತು: ನೂರ ಮೂವತ್ತೆರಡು.

ಸಂಜೆ ಮನೆಗೆ ಬಂದವಳು ಮೊದಲು ಮೀಟರು ನೋಡಿದೆ. ನಾಲ್ಕೂ ಹತ್ತಕ್ಕೆ ಒಂದೇ ರೀಡಿಂಗ್, ಅವನದು. ಇಂಗಿನ ಡಬ್ಬಿಯಲ್ಲಿ ಹೊಸದೇನೂ ಇರಲಿಲ್ಲ. ಹಳೆಯ ಸ್ಟ್ರಿಪ್ಪುಗಳೆಲ್ಲ ಒಣಗಿ ಕಂದಾಗಿದ್ದವು. ಬಂಗುಡೆ ಆ ಕುರ್ಚಿಯ ಕಡೆ ತಿರುಗಿಯೂ ನೋಡದೆ ಮಂಚದ ಮೇಲೆ ನಿದ್ದೆ ಹೊಡೆಯುತ್ತಿತ್ತು.

ಅಮ್ಮ ಇನ್ನು ಬರುವುದಿಲ್ಲ ಎಂದು ಗೊತ್ತಾಗಿ ಅತ್ತೆ; ಅವಳು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ರಾತ್ರಿ ಹೋಟೆಲಿನಿಂದ ಬಂದ ಅವನು ಕುರ್ಚಿಯನ್ನು ಖಾಲಿ ಬಿಟ್ಟು, ನೆಲದ ಮೇಲೆ ನನ್ನ ಪಕ್ಕ ಕೂತ.

ಆಮೇಲೆ ಜೇಬಿನಿಂದ ಟಿಶ್ಯೂನಲ್ಲಿ ಸುತ್ತಿದ ಸ್ಟ್ರಿಪ್ ತೆಗೆದ. “ಇದನ್ನು ಎಲ್ಲಿ ಹಾಕ್ಬೇಕಂತ ಗೊತ್ತಾಗ್ಲಿಲ್ಲ.”

ನಾನು ಇಂಗಿನ ಡಬ್ಬಿಯನ್ನು ಅವನ ಮುಂದೆ ಚಾಚಿದೆ.