ಅಕ್ಕಪಕ್ಕ ಇಟ್ಟು ನೋಡಿದಾಗ

ತೊಳೆದ ಪಾತ್ರೆ ಮುಚ್ಚಳಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸ್ಟ್ಯಾಂಡಿನಲ್ಲಿ ಜೋಡಿಸುತ್ತಿದ್ದೆ. ಕೊನೆಯದನ್ನು ಸಿಕ್ಕಿಸುವಷ್ಟರಲ್ಲಿ ನನ್ನವರ ಫೋನ್ ರಿಂಗಾಯಿತು. ಇಣುಕಿ ನೋಡಿದೆ. ಮತ್ತೆ ಲ್ಯಾಬ್ ಮೇಡಂ!

ಇವರ ಕಾಲೇಜಿಗೆ ಹೊಸದಾಗಿ ಬಂದವಳು. ಮೊದಲ ವರ್ಷದವರಿಗೆ ಇಬ್ಬರೂ ಸೇರಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ಅವಳು ಬಂದಾಗಿನಿಂದ ಇವರು ತಪ್ಪದೆ ಗಡ್ಡ ಬೋಳಿಸುತ್ತಿದ್ದಾರೆ. ನಾನು ಗಮನಿಸಿಲ್ಲ ಅಂದುಕೊಂಡಿದ್ದಾರೆ, ಪಾಪ.

"ಹೇಳಿ ಮೇಡಂ," ಎನ್ನುತ್ತ ಬಾಲ್ಕನಿಗೆ ಹೋದರು. ಆ 'ಹೇಳಿ'ಗೆ ಅಷ್ಟೊಂದು ಬೆಣ್ಣೆ ಯಾಕೋ!

"ಅಂಕಿಗಳನ್ನ ಕ್ರಮವಾಗಿ ಜೋಡಿಸೋಕೆ ಬಬಲ್ ಸಾರ್ಟ್ ಸುಲಭ ಮೇಡಂ. ಅಕ್ಕಪಕ್ಕದ ಎರಡನ್ನ ಹೋಲಿಸೋದು, ದೊಡ್ಡದು ಮುಂದಿದ್ರೆ ಅದಲುಬದಲು ಮಾಡೋದು. ಹುಡುಗರ ತಲೆಗೆ ಹೋಗದೇ ಇರೋದು ಇನ್ಸರ್ಷನ್ ಸಾರ್ಟ್." ಆಮೇಲೆ ನಗು ಬೇರೆ.

ನಾನೂ ಮನಸ್ಸಿನಲ್ಲೇ ಅವಳನ್ನೂ ನನ್ನನ್ನೂ ಅಕ್ಕಪಕ್ಕ ನಿಲ್ಲಿಸಿದೆ. ಅವಳದು ಇಸ್ತ್ರಿ ಮಾಡಿದ ಕಾಟನ್ ಶರ್ಟು. ನನ್ನದು ಸೋಪಿನ ನೊರೆ ಅಂಟಿದ ಹಳೇ ನೈಟಿ. ಅದಲುಬದಲು ಮಾಡುವ ಆಸೆ ಯಾವ ಗಂಡಸಿಗೆ ಬಾರದು?

ಮಗಳು ಹಾಲಿನ ಲೋಟದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. "ಅಮ್ಮಾ, ಕೋಪಾನಾ?"

"ಹಾಲು ಕುಡಿ ಪುಟ್ಟಿ."

ಅಷ್ಟರಲ್ಲಿ ಇವರು ಫೋನ್ ಹಿಡಿದೇ ಒಳಗೆ ಬಂದು, ನಾನು ಜೋಡಿಸಿದ್ದ ಮುಚ್ಚಳಗಳನ್ನೆಲ್ಲ ಬಾಚಿ ಮೇಜಿನ ಮೇಲೆ ಸುರಿದುಬಿಟ್ಟರು!

"ರೀ! ತಲೆ ನೆಟ್ಟಗಿದೆಯಾ?"

"ಇನ್ನೊಂದ್ಸಲ ಜೋಡಿಸೇ, ಪ್ಲೀಸ್. ಮೇಡಂ ವಿಡಿಯೋದಲ್ಲಿ ನೋಡ್ತಿದ್ದಾರೆ."

ಮೈಯೆಲ್ಲ ಉರಿಯಿತು. ನೋಡಲಿ, ಕಣ್ತುಂಬ ನೋಡಲಿ. ಠಣಠಣ ಕುಟ್ಟುತ್ತಲೇ ಶುರುಮಾಡಿದೆ. ರಾಶಿಯಿಂದ ಒಂದನ್ನು ಎತ್ತಿದೆ. ಸ್ಟ್ಯಾಂಡಿನಲ್ಲಿ ಅದಕ್ಕಿಂತ ದೊಡ್ಡದಾಗಿದ್ದವನ್ನು ಒಂದೊಂದಾಗಿ ಹಿಂದೆ ಸರಿಸಿದೆ. ತೆರವಾದ ಸಂದಿನಲ್ಲಿ ಕೈಯಲ್ಲಿದ್ದುದನ್ನು ಕೂರಿಸಿದೆ. ಮತ್ತೆ ಇನ್ನೊಂದು.

ತಲೆ ಎತ್ತಿದರೆ ಇವರ ದೃಷ್ಟಿ ಫೋನಿನ ಮೇಲಿರಲಿಲ್ಲ. ಮುಚ್ಚಳಗಳ ಮೇಲೂ ಇರಲಿಲ್ಲ. ಹೊಸದಾಗಿ ಮದುವೆಯಾದಾಗ ನೋಡುತ್ತಿದ್ದ ಹಾಗೆ, ನನ್ನ ಒದ್ದೆ ಬೆರಳುಗಳನ್ನೇ ನೋಡುತ್ತಿದ್ದರು.

"ಅಯ್ಯೋ ಸಾರ್, ಇನ್ಸರ್ಷನ್ ಸಾರ್ಟ್ ಅಂದ್ರೆ ಇದೇ ಅಲ್ವಾ!" ಫೋನಿನೊಳಗಿನ ದನಿ ಕಿಲಕಿಲ ನಕ್ಕಿತು. "ಅಕ್ಕಾ, ನೀವು ಕೆಲಸ ಮಾಡೋದನ್ನ ನೋಡ್ತಾ ಇದ್ರೆ ಕಾಲೇಜಿಗೆ ಹೊರಡೋದೇ ಮರೆತುಹೋಗುತ್ತೆ ಅಂತಾರೆ ಇವರು. ದಿನಾ ನಿಮ್ಮ ಮಾತೇ. ತಲೆ ತಿಂದಿದ್ದಾರೆ ನಂದು. ಇವತ್ತಾದ್ರೂ ನೋಡಿದೆ, ಬಿಡಿ."

ಫೋನ್ ಇಟ್ಟಾಯಿತು. ನಾನು ಹಗುರಾಗಬೇಕಿತ್ತು. ಆಗಲಿಲ್ಲ. ನನಗೆ ಸೇರಬೇಕಾದ ಮಾತು ದಿನವೂ ಅವಳ ಕಿವಿಗೆ ಬೀಳುತ್ತಿತ್ತಲ್ಲ, ಅದೇ ಈಗ ಹೊಸ ಹೊಟ್ಟೆಕಿಚ್ಚು.

"ದಿನಾನಾ?" ಎಂದೆ.

"ಹೂಂ... ಸುಮ್ನೆ, ಮಾತಿಗೆ ಮಾತು ಬಂದಾಗ..." ಬೋಳಿಸಿದ ಕೆನ್ನೆಯಿಂದ ಕಿವಿಯ ತುದಿಯವರೆಗೂ ಕೆಂಪು.

ನಾನು ಸೆರಗಿಲ್ಲದ ನೈಟಿಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತೆ.

ಮಗಳು ಲೋಟ ಕೆಳಗಿಟ್ಟಳು. ಅಪ್ಪನ ಮುಖ ನೋಡಿದಳು, ನನ್ನ ಮುಖ ನೋಡಿದಳು.

"ಅಪ್ಪಾ, ಅದನ್ನೆಲ್ಲ ಅಮ್ಮಂಗೆ ಯಾವಾಗ ಹೇಳ್ತೀಯ?"