ಸವೆದ ಮುಖಕ್ಕೆ ಬಣ್ಣ ಬೇಡ

"ಕುಂಚ ಕೆಳಗಿಡಿ!"

ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ ಅವನ ಕೈ ಗಾಳಿಯಲ್ಲೇ ನಿಂತಿತು. ಮ್ಯೂಸಿಯಂನ ರಿಪೇರಿ ಕೋಣೆಯ ಮೇಜಿನ ಮೇಲೆ ಹಳೆಯ ಪರ್ಷಿಯನ್ ಪುಸ್ತಕವೊಂದು ತೆರೆದಿತ್ತು. ಅದರ ಚಿತ್ರದಲ್ಲೊಬ್ಬ ಸೂಫಿ ಸಂತ. ಉಡುಪಿನ ನೀಲಿ, ಅಂಚಿನ ಚಿನ್ನ ಎಲ್ಲ ನೆಟ್ಟಗಿತ್ತು. ಮುಖ ಮಾತ್ರ ಅಳಿಸಿಹೋಗಿತ್ತು.

"ಧೂಳು ತೆಗೀತಿದ್ದೆ ಮೇಡಂ, ಒಣ ಕುಂಚ," ಅಂದ ಅವನು. "ಬೇಕಿದ್ರೆ ನಿಮ್ಮ ಮೂಗಿಗೇ ತಾಗಿಸಿ ತೋರಿಸ್ಲಾ? ಕೋಪ ಹೇಗೂ ಅದರ ತುದೀಲೇ ಇದೆ."

ಅವಳಿಗೆ ನಗು ಬಂತು, ತಡೆದುಕೊಂಡಳು. ಪ್ರದರ್ಶನಕ್ಕೆ ಮುಂಚೆ ಅವನ ಕೈಯಲ್ಲಿ ಹೊಸ ಮುಖ ಬರೆಸಲು ಮ್ಯೂಸಿಯಂ ನಿರ್ದೇಶಕರು ಹೊರಟಿದ್ದರು. ಪಕ್ಕಕ್ಕಿಡುವ ಬೋರ್ಡೂ ಸಿದ್ಧವಾಗಿತ್ತು: 'ಚಿತ್ರ ಕಂಡರಾಗದವರು ಮುಖ ಕೆರೆದಿದ್ದಾರೆ.' ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂಥ ಮಾತು ಅದು. ಓದಿದಾಗಿನಿಂದ ಅವಳ ಮೈ ಉರಿಯುತ್ತಿತ್ತು.

ಹಳೆಯ ಬರಹಗಳಲ್ಲಿ ಚಿತ್ರಗಳ ಕಥೆ ಹುಡುಕುವುದು ಅವಳ ಕೆಲಸ. ಹಿಂದಿನ ಕಾಲದ ಯಾತ್ರಿಕನೊಬ್ಬ ಈ ಪುಸ್ತಕದ ಬಗ್ಗೆಯೇ ಬರೆದದ್ದನ್ನು ಓದಿ ಹೇಳಿದಳು: "'ಊರು ಬಿಟ್ಟು ಹೊರಡುವವರು ಒದ್ದೆ ಬೆರಳಿಂದ ಈ ಸಂತನ ಕೆನ್ನೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ನೋಡುವಷ್ಟರಲ್ಲಿ ಮುಖ ಅರ್ಧ ಸವೆದಿತ್ತು.' ಕೇಳಿದ್ರಾ? ದ್ವೇಷ ಅಲ್ಲ ಇದು, ಪ್ರೀತಿ!"

ಅವನು ಭೂತಗನ್ನಡಿಯನ್ನು ಅವಳತ್ತ ಸರಿಸಿದ. ಎರಡು ತಲೆಗಳು ಒಂದೇ ಗಾಜಿನ ಮೇಲೆ ಬಾಗಿದವು.

"ಚಾಕುವಿನ ಗೀರು ಒಂದೂ ಇಲ್ಲ ನೋಡಿ. ಅಂಚೆಲ್ಲ ನುಣುಪು. ಬೆರಳಿನ ಕೆಲಸಾನೇ."

ಅವನ ಉಸಿರು ಅವಳ ಕೆನ್ನೆಗೆ ತಾಕಿತು. ನೋಡಬೇಕಿದ್ದುದು ಸಂತನನ್ನು, ಅವಳು ನೋಡಿದ್ದು ಅವನ ರೆಪ್ಪೆಗಳನ್ನು.

ಅಷ್ಟರಲ್ಲಿ ನಿರ್ದೇಶಕರು ಒಳಬಂದರು. "ಇನ್ನೂ ಶುರು ಮಾಡಿಲ್ವಾ? ಮುಖ ಇಲ್ಲದ ಚಿತ್ರ ನೋಡೋಕೆ ಯಾರಪ್ಪಾ ಬರ್ತಾರೆ?"

"ನಾನು ಬರೆಯಲ್ಲ ಸರ್," ಅವನು ಕಡ್ಡಿ ಮುರಿದಂತೆ ಹೇಳಿದ.

"ಹಾಗಾದ್ರೆ ಬೇರೆ ಕೆಲಸ ನೋಡ್ಕೊ."

ಅವಳು ಹಿಂದೆಮುಂದೆ ನೋಡದೆ ಅವನ ಪಕ್ಕಕ್ಕೆ ಬಂದು ನಿಂತಳು. "ನನ್ನನ್ನೂ ಸೇರಿಸಿ ಕಳಿಸಿ ಸರ್. ಈ ಬರಹ, ಪುಟದ ಫೋಟೋ ಎರಡನ್ನೂ ನಾವೇ ಪ್ರಕಟಿಸ್ತೀವಿ. ಆಮೇಲೆ ಹೊಸ ಮುಖ ಯಾರು ಬರೆಸಿದ್ರು ಅಂತ ಜನ ನಿಮ್ಮನ್ನೇ ಕೇಳ್ತಾರೆ."

ನಿರ್ದೇಶಕರ ಮುಖ ಹರಳೆಣ್ಣೆ ಕುಡಿದಂತಾಯಿತು. "ಬೋರ್ಡ್ ನೀನೇ ಬರಿ. ನಗೆಪಾಟಲಾದ್ರೆ ಇಬ್ರೂ ಹೊರಗೆ!" ಎಂದು ಬಾಗಿಲು ಬಡಿದು ಹೋದರು.

ಅವಳು ಅವನತ್ತ ತಿರುಗಿದಳು. "ನನ್ನ ಮಾತು ಕೇಳಿ ಕೆಲಸ ಕಳ್ಕೊಳ್ತಿದ್ರಲ್ಲ!"

"ಸಂತನಿಗೋಸ್ಕರ," ಅಂದ. ಮತ್ತೆ ಕಣ್ಣು ತಗ್ಗಿಸಿ, "ಸುಳ್ಳು. ನಿಮಗೋಸ್ಕರಾನೇ. ನೀವಂದ್ರೆ ನಂಗೆ ತುಂಬಾ ಇಷ್ಟ. ಬೈಯೋದಾದ್ರೆ ಈಗಲೇ ಬೈದುಬಿಡಿ."

ಅವಳು ಬೈಯಲಿಲ್ಲ. ಬೆರಳ ತುದಿಯಿಂದ ಅವನ ಕೆನ್ನೆ ಮುಟ್ಟಿ, ಕಣ್ಣಿಗೊತ್ತಿಕೊಂಡಳು.

"ಹೀಗೇ ಮುಟ್ತಾ ಇದ್ರೆ ನನ್ನ ಮುಖಾನೂ ಸವೆದೀತು."

"ಸವೀಲಿ," ಅಂದಳು. "ಬಣ್ಣ ಬಳಿಯೋಕೆ ಮಾತ್ರ ಯಾರನ್ನೂ ಬಿಡಲ್ಲ."